ಹದಿನೆಂಟನೆಯ ದಿನದ ಕಾರ್ಡು

ನಮ್ಮಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದಳೆಂದು ಮಂಡ್ಯದಿಂದ ಫೋನು ಬಂದಾಗ ನಾನು ಮಳವಳ್ಳಿಯಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಅದು 2025ರ ಶ್ರಾವಣ. ಭಾವ ತೀರಿಕೊಂಡು ಆರು ವರ್ಷವಾಗಿತ್ತು, ಮಗ ಪುಣೆಯಲ್ಲಿದ್ದ. ಅಕ್ಕನಿಗೆ ಹತ್ತಿರದಲ್ಲಿ ಇರುವವಳೆಂದರೆ ನಾನೊಬ್ಬಳೇ. ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಸಿಕ್ಕಿದ ಬಸ್ಸು ಹತ್ತಿದೆ. ನಾನು ಹೋಗುವ ಹೊತ್ತಿಗೆ ಪಕ್ಕದ ಮನೆಯವರು ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಸೊಂಟದ ಮೂಳೆ ಮುರಿದಿದೆ, ನಾಳೆಯೇ ಆಪರೇಷನ್, ಮೊದಲು ಇಪ್ಪತ್ತು ಸಾವಿರ ಕಟ್ಟಿ ಬನ್ನಿ ಎಂದರು.

ಕೌಂಟರಿನಲ್ಲಿ ಮೊಬೈಲು ಹಿಡಿದು ದುಡ್ಡು ಕಳಿಸಿದೆ. ಗುಪ್ತ ಸಂಖ್ಯೆ ಒತ್ತಿದ ಮೇಲೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಹಿಂದೆ ನಾಲ್ಕೈದು ಜನ ನಿಂತಿದ್ದರು. ಕೌಂಟರಿನ ಹುಡುಗಿ, "ಬಂದಿಲ್ಲ ಮೇಡಂ, ಇನ್ನೊಂದ್ಸಲ ಮಾಡಿ" ಎಂದಳು. ಮಾಡಿದೆ. ಈ ಸಲ ಹಸಿರು ಗುರುತು ಬಂತು, ರಸೀದಿಯೂ ಸಿಕ್ಕಿತು. ಮೆಟ್ಟಿಲು ಹತ್ತಿ ಅಕ್ಕನ ಮಂಚದ ಹತ್ತಿರ ಹೋಗುವಷ್ಟರಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿತು. ನೋಡಿದರೆ ಇಪ್ಪತ್ತು ಸಾವಿರ ಎರಡು ಬಾರಿ ಹೋಗಿದೆ! ತಿಂಗಳ ಕೊನೆ. ಇನ್ನು ಔಷಧಿಗೆ, ರಕ್ತಕ್ಕೆ ಎಲ್ಲಿಂದ ತರಲಿ ಎಂದು ಕೈಕಾಲು ತಣ್ಣಗಾದವು.

ಸಂಜೆ ಬೆಂಗಳೂರಿನಿಂದ ನನ್ನ ಮಗಳು ಬಂದಳು. ಅವಳದು ಕಂಪ್ಯೂಟರ್ ಕೆಲಸ. ನನ್ನ ಗೋಳನ್ನೆಲ್ಲ ಕೇಳಿ ಮೊದಲು ನಕ್ಕಳು.

"ಅಮ್ಮ, ಚಕ್ರ ತಿರುಗ್ತಾ ಇದೆ ಅಂದ್ರೆ ದುಡ್ಡು ಹೋಗಿಲ್ಲ ಅಂತಲ್ಲ. ಹೋಯ್ತೋ ಇಲ್ವೋ ಇನ್ನೂ ಗೊತ್ತಿಲ್ಲ ಅಂತ. ಗೊತ್ತಿಲ್ಲದಿದ್ದಾಗ ಮೊದಲು ವಿಚಾರಿಸಬೇಕು, ಮತ್ತೆ ಕಳಿಸಬಾರದು. ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗರೂ ಇದೇ ತಪ್ಪು ಮಾಡ್ತಾರೆ."

ರಾತ್ರಿ ಅಕ್ಕನಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ನಾವಿಬ್ಬರೂ ಕೆಳಗೆ ಚಾಪೆ ಹಾಸಿಕೊಂಡು ಕುಳಿತೆವು. ಮಗಳು ಲ್ಯಾಪ್‌ಟಾಪ್ ತೆಗೆದಿದ್ದಳು. ಅಂದು ಅವಳಿಗಿದ್ದ ಕೆಲಸವೂ ಇದೇ: ಒಂದು ಕಂಪ್ಯೂಟರು ಇನ್ನೊಂದಕ್ಕೆ ಪ್ರಶ್ನೆ ಕಳಿಸಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಗಡುವು ಹಾಕುವುದು. ಅದಕ್ಕೆ ಟೈಮ್‌ಔಟ್ ಎನ್ನುತ್ತಾರಂತೆ. ಇಷ್ಟಕ್ಕೂ ಸಂಬಳ ಕೊಡುತ್ತಾರೆಯೇ ಎಂದೆ. "ಇದು ತಪ್ಪಿದ್ರೆ ಎಷ್ಟೋ ಜನ ನಿನ್ನ ಹಾಗೆ ಎರಡೆರಡು ಸಲ ದುಡ್ಡು ಕಟ್ತಾರೆ" ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಕಂಪ್ಯೂಟರುಗಳು ಒಂದನ್ನೊಂದು ಕೆಲಸ ಕೇಳುವುದಕ್ಕೆ ವೆಬ್ ಸರ್ವಿಸ್ ಎಂದು ಹೆಸರು. ಅದನ್ನು ಎರಡು ರೀತಿಯಲ್ಲಿ ಕೇಳಬಹುದು. ಒಂದು ಫೋನಿನ ಹಾಗೆ. ಆ ಕಡೆಯವರು ಎತ್ತಿಕೊಂಡರೆ ಮಾತು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಅಂಚೆಯ ಹಾಗೆ. ಕೇಳುವವರು ಚೀಟಿ ಬರೆದು ಒಂದು ಸಾಲಿನಲ್ಲಿ ಇಟ್ಟುಬಿಡುತ್ತಾರೆ. ಆ ಸಾಲಿಗೆ ಮೆಸೇಜ್ ಕ್ಯೂ ಎಂದು ಹೆಸರು. ಕೆಲಸ ಮಾಡುವ ಯಂತ್ರ ತನಗೆ ಬಿಡುವಾದ ಹಾಗೆ ಒಂದೊಂದೇ ಚೀಟಿ ತೆಗೆದು, ಕೆಲಸ ಮುಗಿಸಿ, ಉತ್ತರವನ್ನು ಇನ್ನೊಂದು ಸಾಲಿನಲ್ಲಿ ಇಡುತ್ತದೆ. ಆ ಯಂತ್ರ ಕೆಟ್ಟು ಕುಳಿತಿದ್ದರೂ ಚೀಟಿ ಕಳೆದುಹೋಗುವುದಿಲ್ಲ, ಸಾಲಿನಲ್ಲೇ ಕಾಯುತ್ತದೆ. ಅಂಚೆಯ ದೊಡ್ಡ ಅನುಕೂಲವೇ ಅದು. ತೊಂದರೆಯೂ ಅದೇ. ಉತ್ತರ ಬರಲಿಲ್ಲವೆಂದರೆ, ಚೀಟಿ ಇನ್ನೂ ಸಾಲಿನಲ್ಲಿದೆಯೋ, ಕೆಲಸ ನಡೆಯುತ್ತಿದೆಯೋ, ಮುಗಿದು ಉತ್ತರ ದಾರಿಯಲ್ಲಿದೆಯೋ ಕಾಯುವವರಿಗೆ ಹೇಗೆ ತಿಳಿಯಬೇಕು?

"ಹಾಗಾದ್ರೆ ಎಷ್ಟು ಹೊತ್ತು ಅಂತ ಹೇಗೆ ಗೊತ್ತು ಮಾಡ್ತೀರಿ?" ಎಂದೆ.

"ಲೆಕ್ಕ ಇಟ್ಟು. ನೀನು ಮೊಸರಿಗೆ ಹೆಪ್ಪು ಹಾಕ್ತೀಯಲ್ಲ ಹಾಗೆ. ಬೇಸಿಗೆಗೆ ಇಷ್ಟು, ಚಳಿಗಾಲಕ್ಕೆ ಇಷ್ಟು ಅಂತ ನಿನಗೆ ನೋಡಿ ನೋಡಿ ಗೊತ್ತು. ನಾವೂ ನೂರು ಸಲ ಕೇಳಿ ನೋಡ್ತೀವಿ. ತೊಂಬತ್ತೊಂಬತ್ತು ಸಲ ಎಷ್ಟರೊಳಗೆ ಉತ್ತರ ಬಂತೋ, ಅದಕ್ಕೆ ಸ್ವಲ್ಪ ಸೇರಿಸಿ ಗಡುವು ಹಾಕ್ತೀವಿ. ತೀರ ಚಿಕ್ಕದು ಹಾಕಿದ್ರೆ ಬರೋ ಉತ್ತರಾನೂ ಕಳ್ಕೋತೀವಿ. ತೀರ ದೊಡ್ಡದು ಹಾಕಿದ್ರೆ ಹಿಂದೆ ನಿಂತೋರೆಲ್ಲ ಕಾದು ಕಾದು ಸಾಯ್ತಾರೆ."

ನಾವು ಮೊಬೈಲಿನಲ್ಲಿ ದುಡ್ಡು ಕಳಿಸುವ ಯುಪಿಐ ಏರ್ಪಾಡು 2016ರಲ್ಲಿ ಬಂದದ್ದು. ಅದರ ದಾರಿ ಬೇರೆ, ತಮ್ಮ ಕಚೇರಿಯ ಕ್ಯೂ ಬೇರೆ, ಆದರೆ ಕಾಯುವ ತೊಂದರೆ ಎರಡಕ್ಕೂ ಒಂದೇ ಎಂದಳು. ಯುಪಿಐಯಲ್ಲಿ ಹಣ ಕಳಿಸುವ ಕೋರಿಕೆಗೆ ಉತ್ತರ ಬರಲು ಮೊದಲು 30 ಸೆಕೆಂಡು ಗಡುವಿತ್ತಂತೆ. 2025ರ ಜೂನ್ 16ರಿಂದ ಅದನ್ನು 15 ಸೆಕೆಂಡಿಗೆ ಇಳಿಸಿದರು. ಕಳಿಸಿದ ಹಣ ಏನಾಯಿತು ಎಂದು ವಿಚಾರಿಸುವ ಕೋರಿಕೆಗೆ 30 ಇದ್ದದ್ದು 10 ಆಯಿತು. ಸೆಕೆಂಡುಗಳಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವವರು ಎಲ್ಲೋ ಇದ್ದಾರೆಂದು ನನಗೆ ಅಂದೇ ತಿಳಿದದ್ದು.

ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿತು. ಗಡುವುಗಳು ಒಂದರೊಳಗೊಂದು ಕೂರಬೇಕಂತೆ. ನಾನು ನಿನ್ನನ್ನು ಕೇಳಿ, ನೀನು ಮೂರನೆಯವರನ್ನು ಕೇಳಿ ನನಗೆ ಉತ್ತರ ಕೊಡಬೇಕಾದರೆ, ನಿನ್ನ ಕಾಯುವಿಕೆ ನನ್ನದಕ್ಕಿಂತ ಗಿಡ್ಡವಾಗಿರಬೇಕು. ಇಲ್ಲದಿದ್ದರೆ ನಾನು ಬೇಸತ್ತು ಎದ್ದು ಹೋದ ಮೇಲೂ ನೀನು ಅಲ್ಲೇ ಕಾಯುತ್ತಿರುತ್ತೀಯ. ಇದನ್ನು ಕಲಿಯಲು ನಾನು ಕಂಪ್ಯೂಟರ್ ಓದಬೇಕಾಗಿಲ್ಲ. ಮೇಲಿನವರು ಸಂಜೆ ಐದರೊಳಗೆ ಮಕ್ಕಳ ವಿವರ ಬೇಕೆಂದರೆ, ಮುಖ್ಯೋಪಾಧ್ಯಾಯರು ನಮಗೆ ನಾಲ್ಕಕ್ಕೆ ಕೊಡಿ ಎನ್ನುತ್ತಾರೆ, ನಾವು ಮಕ್ಕಳಿಗೆ ಮೂರಕ್ಕೇ ತನ್ನಿ ಎನ್ನುತ್ತೇವೆ. ಎಲ್ಲರೂ ಐದು ಎಂದರೆ ಯಾರ ಕೆಲಸವೂ ಐದಕ್ಕೆ ಮುಗಿಯುವುದಿಲ್ಲ.

ಇದೆಲ್ಲ ಕಾಯುವವರ ಗಡಿಯಾರವಾಯಿತು. ಚೀಟಿಗೂ ತನ್ನದೇ ಒಂದು ಗಡಿಯಾರವಿದೆಯಂತೆ. ಈ ಚೀಟಿ ಇಷ್ಟು ಹೊತ್ತಿನ ಮೇಲೆ ಪ್ರಯೋಜನವಿಲ್ಲ ಎಂದು ಅದರ ಮೇಲೆಯೇ ಬರೆದು ಕಳಿಸುತ್ತಾರೆ. ಸಾಲಿನಲ್ಲಿ ನಿಂತ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತದೆ. ಹೊತ್ತು ಮೀರಿದ ಚೀಟಿಯನ್ನು ಕೆಲಸ ಮಾಡುವವನು ಮುಟ್ಟಲೇಬಾರದು.

ನಾನು ಮಂಡ್ಯ ಜಿಲ್ಲೆಯ ಹೆಂಗಸು. ನನಗೆ ತಟ್ಟನೆ ಕಬ್ಬಿನ ಗಾಡಿಗಳು ಕಣ್ಣಿಗೆ ಬಂದವು. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ನಾವು ಚಿಕ್ಕವರಿದ್ದಾಗ ಹಂಗಾಮು ಬಂತೆಂದರೆ ರಸ್ತೆಯುದ್ದಕ್ಕೂ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿಯ ಅಡಿಯಲ್ಲೇ ಊಟ, ಅಲ್ಲೇ ನಿದ್ದೆ. ಕಬ್ಬು ಕಡಿದ ಗಳಿಗೆಯಿಂದಲೇ ಅದರ ಹೊತ್ತು ಶುರು. ಒಂದು ದಿನದೊಳಗೆ ಅರೆದರೆ ಸರಿ, ತಡವಾದಷ್ಟೂ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಸಾಲಿನಲ್ಲಿ ನಿಂತಿದ್ದೆ ಎಂದರೆ ಕಬ್ಬು ಕೇಳುತ್ತದೆಯೆ?

"ಗಡುವು ಮುಗಿದ ಮೇಲೆ ಉತ್ತರ ಬಂದ್ರೆ?" ಎಂದು ಕೇಳಿದೆ.

"ಅದೇ ಕಷ್ಟ. ಕೇಳಿದವರು ಎದ್ದು ಹೋಗಿರ್ತಾರೆ. ಆಗ ಆ ಜಾಗದಲ್ಲಿ ಇನ್ಯಾರೋ ಕೂತಿದ್ದು, ಅವರ ಪ್ರಶ್ನೆಗೆ ಇದೇ ಉತ್ತರ ಅಂದುಕೊಂಡುಬಿಟ್ರೆ ಅನಾಹುತ. ಅದಕ್ಕೇ ಪ್ರತಿ ಪ್ರಶ್ನೆಗೂ ಒಂದು ನಂಬರು ಕೊಡ್ತೀವಿ. ಉತ್ತರದ ಮೇಲೂ ಅದೇ ನಂಬರು ಇರಬೇಕು."

ನನಗೆ ಚುಚ್ಚಿದ ಹಾಗಾಯಿತು. ಕಾರಣ ಹೇಳುತ್ತೇನೆ.

ಅದರ ಹಿಂದಿನ ವಾರವಷ್ಟೇ ತರಗತಿಯಲ್ಲಿ ಕೇಳಿದ್ದೆ: ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ತಯಾರಾದಾಗ ಅದು ಮೊದಲು ಎಲ್ಲಿಗೆ ಹೋಯಿತು? ಶಿವನಸಮುದ್ರ ನಮ್ಮ ಮಳವಳ್ಳಿ ತಾಲ್ಲೂಕಿನದೇ, ಮಕ್ಕಳು ಹೇಳಲೇಬೇಕು. ಯಾರೂ ಏಳಲಿಲ್ಲ. ಸರಿ ಬಿಡಿ ಎಂದು ಮುಂದಿನ ಪ್ರಶ್ನೆಗೆ ಹೋದೆ: ಕನ್ನಂಬಾಡಿ ಕಟ್ಟೆಯ ನೀರು ನಮ್ಮ ಕಡೆಗೆ ಯಾವ ನಾಲೆಯಲ್ಲಿ ಬರುತ್ತದೆ? ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಕೋಲಾರದ ಚಿನ್ನದ ಗಣಿ, ಮಿಸ್" ಎಂದಳು. ಇಡೀ ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಕುಳಿತವಳು ಆ ವಾರವೆಲ್ಲ ಬಾಯಿ ಬಿಡಲಿಲ್ಲ. ಅವಳ ಉತ್ತರ ಸರಿಯಾಗಿಯೇ ಇತ್ತು. ಮೊದಲ ಪ್ರಶ್ನೆಯ ಉತ್ತರ ಅದು, ಸ್ವಲ್ಪ ತಡವಾಗಿ ಬಂದಿತ್ತು, ಅಷ್ಟೆ.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಕಾಯುವುದು ಒಂದೇ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಮಾತಾಡುತ್ತಾರೆ. ಬಿ.ಎಡ್. ಮಾಡಿ ಇಷ್ಟು ವರ್ಷ ಪಾಠ ಹೇಳಿದ ನನ್ನ ಗಡುವು ಎಷ್ಟಿತ್ತೆಂದು ಆ ಚಾಪೆಯ ಮೇಲೆ ಕುಳಿತು ನಾಚಿಕೆಪಟ್ಟೆ.

"ಯಾರಿಗೂ ಬೇಡವಾದ ತಡದ ಉತ್ತರಗಳು ಕೊನೆಗೆ ಏನಾಗ್ತವೆ?" ಎಂದು ಕೇಳಿದೆ.

"ಅವನ್ನೆಲ್ಲ ಒಂದು ಕಡೆ ಹಾಕೋ ಏರ್ಪಾಡು ಇರುತ್ತೆ. ಡೆಡ್ ಲೆಟರ್ ಕ್ಯೂ ಅಂತಾರೆ. ಹೆಸರು ಅಂಚೆಯಿಂದಲೇ ಬಂದದ್ದು. ಯಾರಾದ್ರೂ ದಿನಾ ಅದನ್ನ ತೆಗೆದು ನೋಡ್ಬೇಕು. ಎಷ್ಟೋ ಕಡೆ ನೋಡೋದೇ ಇಲ್ಲ."

ಹೌದು, ವಿಳಾಸದಾರರು ಸಿಗದ ಕಾಗದಗಳಿಗಾಗಿ ಇಂಗ್ಲಿಷರ ಕಾಲದಿಂದ ಅಂಚೆಯವರಲ್ಲಿ ಡೆಡ್ ಲೆಟರ್ ಆಫೀಸ್ ಇತ್ತು. ಆಮೇಲೆ ಅದಕ್ಕೆ ರಿಟರ್ನ್ಡ್ ಲೆಟರ್ ಆಫೀಸ್ ಎಂದು ಹೆಸರಿಟ್ಟರು. ಅಂಥ ಒಂದು ಕಾಗದ ನಮ್ಮ ಮನೆಯಲ್ಲೂ ಇತ್ತು. ಅದರ ವಿಷಯವನ್ನು ನಾನು ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಅಕ್ಕ ನಿದ್ದೆಯಲ್ಲಿದ್ದಾಳೆಂದು ಮಗಳ ಕಿವಿಯಲ್ಲಿ ಮೆಲ್ಲಗೆ ಹೇಳಿದೆ.

1983ರ ಮಾತು. ನಮ್ಮ ಮನೆ ಆಗ ಮದ್ದೂರಿನಲ್ಲಿ. ಅಪ್ಪ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನನಗೆ ಹದಿನಾಲ್ಕು, ಅಕ್ಕನಿಗೆ ಇಪ್ಪತ್ತೊಂದು. ಮಳವಳ್ಳಿಯಿಂದ ಒಂದು ಸಂಬಂಧ ಬಂದಿತ್ತು, ಹುಡುಗ ಮೇಷ್ಟ್ರು. ಬಂದು ನೋಡಿಕೊಂಡು ಹೋದರು. ಅವ್ವ ಒಬ್ಬಟ್ಟು ಮಾಡಿದ್ದಳು. ಹುಡುಗ ಹೊರಡುವಾಗ ಅಕ್ಕನ ಕಡೆ ಒಂದು ಸಲ ತಿರುಗಿ ನೋಡಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡಿದ್ದೆ. ಕೆಲವು ದಿನ ಬಿಟ್ಟು ಅಪ್ಪ ಅವರ ಅಭಿಪ್ರಾಯ ಕೇಳಿ ಜವಾಬಿ ಕಾರ್ಡು ಹಾಕಿದರು. ಈಗಿನವರಿಗೆ ಗೊತ್ತಿರಲಾರದು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದರಲ್ಲಿ ನಾವು ಬರೆಯುವುದು, ಇನ್ನೊಂದರ ಮೇಲೆ ನಮ್ಮದೇ ವಿಳಾಸ ಬರೆದು ಖಾಲಿ ಬಿಡುವುದು. ಅವರು ಅದನ್ನು ಹರಿದು ಉತ್ತರ ಬರೆದು ಡಬ್ಬಕ್ಕೆ ಹಾಕಿದರೆ ಮುಗಿಯಿತು.

ಅಪ್ಪ ಮನಸ್ಸಿನಲ್ಲೇ ಹದಿನೈದು ದಿನ ಎಂದು ಎಣಿಸಿಕೊಂಡರು. ಕಾರ್ಡಿನಲ್ಲಿ ಅದನ್ನು ಬರೆಯಲಿಲ್ಲ. ಕೇಳುವುದು ಹೆಣ್ಣಿನ ಕಡೆಯವರು, ಗಡುವು ಹಾಕಿದರೆ ಅವರಿಗೆ ಏನೆನ್ನಿಸೀತೋ ಎಂಬ ಸಂಕೋಚ. ಹದಿನೈದು ದಿನ ಅಪ್ಪ ಮಧ್ಯಾಹ್ನ ಊಟಕ್ಕೆ ಬಂದ ಕೂಡಲೇ ಗೂಡು ನೋಡುತ್ತಿದ್ದರು. ಕಾರ್ಡು ಬರಲಿಲ್ಲ. ಹದಿನಾರನೆಯ ದಿನ ಮಂಡ್ಯದ ಸಂಬಂಧದವರು ಮತ್ತೆ ಹೇಳಿ ಕಳಿಸಿದರು. ಅಪ್ಪ ಹೋಗಿ ವೀಳ್ಯ ಬದಲಾಯಿಸಿಕೊಂಡು ಬಂದರು.

ಹದಿನೆಂಟನೆಯ ದಿನ ಪೋಸ್ಟ್‌ಮ್ಯಾನು ಕಾರ್ಡನ್ನು ನನ್ನ ಕೈಗೆ ಕೊಟ್ಟ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದರು. ಓದುವ ಮೊದಲೇ ನನಗೆ ಅರ್ಥವಾಯಿತು. ಮನೆಯ ಹಿರಿಯರು ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರಿಂದ ಉತ್ತರ ತಡವಾಯಿತು, ಹೆಣ್ಣು ಎಲ್ಲರಿಗೂ ಒಪ್ಪಿಗೆ, ಮಾತುಕತೆಗೆ ಬರುವ ದಿನ ತಿಳಿಸುವುದು ಎಂದಿತ್ತು. ಅಪ್ಪ ಓದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾರ್ಡನ್ನು ಪಂಚಾಂಗದೊಳಗೆ ಇಟ್ಟು, "ಅಕ್ಕನಿಗೆ ಹೇಳಬೇಡ ಮಗ" ಎಂದರು. ನಾನು ಹೇಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಮಂಚದ ಮೇಲಿನಿಂದ ಅಕ್ಕನ ದನಿ ಬಂತು.

"ಅರಿಸಿನ ಇನ್ನೂ ಹಂಗೇ ಇತ್ತು ಕಣೆ."

ನಾನು ಬೆಚ್ಚಿಬಿದ್ದೆ. ಅಪ್ಪ ತೀರಿಕೊಂಡಾಗ ಹಳೆಯ ಪಂಚಾಂಗಗಳನ್ನು ತೆಗೆದದ್ದು ಅವಳೇ. ಅಂದೇ ಓದಿದ್ದಳು. ನಾನು ಅವಳಿಂದ ಮುಚ್ಚಿಟ್ಟದ್ದನ್ನು ಅವಳು ನನ್ನಿಂದ ಮುಚ್ಚಿಟ್ಟಿದ್ದಳು.

"ದೊಡ್ಡಮ್ಮ, ನಿಮಗೆ ಬೇಜಾರಾಗ್ಲಿಲ್ವಾ?" ಎಂದು ಮಗಳು ಕೇಳಿದಳು.

"ನಂಗೇನು ಕೊರತೆಯಾಗಿತ್ತವ್ವ? ನಿಮ್ ದೊಡ್ಡಪ್ಪ ದೇವ್ರಂಥೋರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗದೆಯೇ ಕೇಳಿದಳು: "ಅಲ್ಲ, ಆ ಕಾರ್ಡಿಗೆ ಅಪ್ಪ ಏನಂತ ಉತ್ತರ ಬರ್ದ್ರು?"

ಏನೂ ಬರೆಯಲಿಲ್ಲ. ನನಗೆ ಚೆನ್ನಾಗಿ ಗೊತ್ತು. ಅಪ್ಪನಿಗೆ ನಾಚಿಕೆ. ಅವ್ವನಿಗೆ ಮದುವೆಯ ಗಡಿಬಿಡಿ. ನಾನು ಹುಡುಗಿ. ನಲವತ್ತೆರಡು ವರ್ಷ ನಾನು ಆ ಕಾರ್ಡನ್ನು ನೆನೆದದ್ದೆಲ್ಲ ಅಕ್ಕನ ಸಲುವಾಗಿ. ಅದು ಮೂರು ದಿನ ಮೊದಲು ಬಂದಿದ್ದರೆ ಎಂದು. ಆ ಕಡೆಯವರೂ ನಮ್ಮ ಉತ್ತರಕ್ಕೆ ಕಾದಿರಬಹುದೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

"ಪಾಪ, ಕಾಯ್ತಾ ಇದ್ರೇನೋ" ಎಂದಳು ಅಕ್ಕ. "ನೀನು ಮಳವಳ್ಳೀಲೇ ಇದ್ದೀಯಲ್ಲ. ಒಂದ್ಸಲ ಹೋಗಿ ಹೇಳಿ ಬಾ."

ಮಾರನೆಯ ದಿನ ಆಪರೇಷನ್ ಚೆನ್ನಾಗಿ ಆಯಿತು. ದುಡ್ಡಿನ ವಿಷಯವೂ ಬಗೆಹರಿಯಿತು. ನಾನು ಹೋಗಲಿಲ್ಲವೆಂದುಕೊಂಡ ಮೊದಲನೆಯ ಇಪ್ಪತ್ತು ಸಾವಿರವೂ ತಡವಾಗಿ ಅವರ ಖಾತೆಗೆ ಸೇರಿತ್ತು. ಬಿಲ್ಲಿನಲ್ಲಿ ಮುರಿದುಕೊಂಡರು. ನನ್ನಂಥ ಗಾಬರಿಯ ಅಕ್ಕತಂಗಿಯರಿಗೆ ಮಗಳು ಹೇಳಿಕೊಟ್ಟದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಚಕ್ರ ತಿರುಗುತ್ತಿದ್ದರೆ ಎರಡನೆಯ ಸಲ ಒತ್ತಬೇಡಿ. ಎರಡನೆಯ ಸಲ ಒತ್ತಿದರೆ ಅದಕ್ಕೆ ಬೇರೆಯೇ ನಂಬರು ಬೀಳುತ್ತದೆ, ಆ ಕಡೆಯ ಯಂತ್ರಕ್ಕೆ ಇದು ಮೊದಲಿನದೇ ಎಂದು ತಿಳಿಯುವುದಿಲ್ಲ. ಒಂದೆರಡು ನಿಮಿಷ ಬಿಟ್ಟು, ಹಿಂದಿನ ವ್ಯವಹಾರಗಳ ಪಟ್ಟಿ ತೆಗೆದು, ಬ್ಯಾಂಕಿನ ಬಾಕಿಯನ್ನೂ ನೋಡಿ. ನಂಬರನ್ನು ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಇದಕ್ಕೂ ಗಡುವು ಹಾಕಿದೆ. ನಿಮ್ಮ ಖಾತೆಯಿಂದ ಹೋದ ಯುಪಿಐ ಹಣ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸು ಬರಬೇಕು. ಅಂಗಡಿ ಮುಂತಾದ ಕಡೆ ಕಟ್ಟಿದ್ದು ಸೇರಿದ ಖಾತ್ರಿ ಅವರಿಗೆ ಬಾರದಿದ್ದರೆ ಐದು ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ.

ಶಾಲೆಗೆ ಮರಳಿದ ದಿನ ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಹಿಂದೆ ನೀನು ಹೇಳಿದ ಉತ್ತರ ಸರಿ, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಅವಳು ನಂಬಲಾರದವಳಂತೆ ನೋಡಿದಳು. ಈಗ ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತೇನೆ. ಮೂರಕ್ಕೆ ಬರುವಷ್ಟರಲ್ಲಿ ಒಂದಾದರೂ ಹೊಸ ಕೈ ಮೇಲೇಳುತ್ತದೆ.

ಆ ಮನೆಗೆ ಹೋಗುವುದಕ್ಕೆ ಮಾತ್ರ ಮೂರು ವಾರ ಹಿಡಿಯಿತು. ಮದುವೆಯಾಗಿ ಮಳವಳ್ಳಿಗೆ ಬಂದ ದಿನದಿಂದ ಆ ಬೀದಿಯನ್ನು ನಾನು ತಪ್ಪಿಸಿಕೊಂಡೇ ಓಡಾಡಿದವಳು. ಒಂದು ಭಾನುವಾರ ಹೂವು ಹಣ್ಣು ತೆಗೆದುಕೊಂಡು ಹೋದೆ. ಮೇಷ್ಟ್ರು ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದರು. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಹೇಗೆ ಶುರು ಮಾಡಬೇಕೋ ತಿಳಿಯದೆ, "ನಾನು ಮದ್ದೂರಿನ ಬೆಲ್ಲದ ಮಂಡಿಯವರ ಕಿರಿ ಮಗಳು" ಎಂದೆ. ಅವರ ಕೈ ನಿಂತಿತು.

"ಕಾರ್ಡಿನವರು!" ಎಂದರು.

ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. "ನಮ್ಮತ್ತೆ ಹೇಳೋರು. ಎರಡು ತಿಂಗಳು ದಿನಾ ಪೋಸ್ಟ್‌ಮ್ಯಾನನ್ನ ನಿಲ್ಲಿಸಿ ಕೇಳೋರಂತೆ. ಬೇರೆ ಎರಡು ಹೆಣ್ಣು ಬಂದಿದ್ರೂ ಮಾತು ಕೊಟ್ಟಿದ್ದೀವಿ ಅಂತ ಬಿಟ್ಟುಬಿಟ್ರಂತೆ. ಆಮೇಲೆ ನಮ್ಮನ್ನ ಅವಮಾನ ಮಾಡಿದ್ರು ಅಂತ ಬಾಳ ನೊಂದ್ಕೊಂಡ್ರು" ಎಂದರು. ನಾನು ತಲೆ ತಗ್ಗಿಸಿದೆ. ಅವರೇ ನಕ್ಕು, "ನಿಮ್ಮಪ್ಪ ಉತ್ತರ ಬರೀಲಿಲ್ಲ ಅಂತ್ಲೇ ತಾನೆ ನಾನು ಈ ಮನೆಗೆ ಬಂದದ್ದು, ಬನ್ನಿ ಒಳಗೆ" ಎಂದು ಕೈ ಹಿಡಿದರು. ಕಾಫಿ ಕೊಟ್ಟು, ಕುಂಕುಮ ಕೊಟ್ಟು, ಬಿಡಿಸಿದ ಅವರೆಕಾಳಿನಲ್ಲಿ ಅರ್ಧವನ್ನು ನನ್ನ ಚೀಲಕ್ಕೆ ಸುರಿದರು.

ಬೀದಿಗೆ ಇಳಿಯುವಷ್ಟರಲ್ಲಿ ಅಕ್ಕನ ಫೋನು. "ಏನಂದ್ರೆ?" ಎಂದಳು. ಮನೆಗೆ ಹೋಗಿ ನಿಧಾನವಾಗಿ ಹೇಳುತ್ತೇನೆ ಎನ್ನಲು ಹೊರಟವಳು ಅಲ್ಲೇ ಬೇವಿನ ಮರದ ನೆರಳಿನಲ್ಲಿ ನಿಂತು ಎಲ್ಲವನ್ನೂ ಹೇಳಿದೆ.